ಕೋಲಾರದ ಕಡೆ ಮನೆಗೆ ಮಳೆ ನೀರು ಹಿಡಿಯೋದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪ್ರತಿ ವರ್ಷ ಚಿತ್ತೆ ಮಳೆ ಮುಗಿಯೋ ಹೊತ್ತಿಗೆ ಅದೇ ದೂರುಗಳು ಬರತ್ವೆ. ಫಿಲ್ಟರ್ ಹಾಕ್ಸಿದ್ವಿ ಆದ್ರೂ ನೀರು ವಾಸನೆ, ಸಂಪು ತುಂಬಲೇ ಇಲ್ಲ ನೀರೆಲ್ಲ ರೋಡಿಗೆ ಹೋಯ್ತು, ಮಳೆ ನೀರಲ್ಲೂ ಪಾತ್ರೆಗೆ ಬಿಳಿ ಕಟ್ಟತ್ತೆ, ಸಂಪಲ್ಲಿ ಹುಳ ಆಡ್ತಿದೆ. ಇದ್ರಲ್ಲಿ ಮುಕ್ಕಾಲು ಪಾಲು ತೊಂದ್ರೆಗೆ ಕಾರಣ ಕೆಲಸದ ಕ್ರಮ ತಪ್ಪಿರೋದು. ಎಲ್ರೂ ಮೊದಲು ಅಂಗಡಿಗೆ ಹೋಗಿ ಫಿಲ್ಟರ್ ತರ್ತಾರೆ, ಆಮೇಲೆ ಅದನ್ನ ಎಲ್ಲಿಗೆ ಕೂರಿಸೋದು ಅಂತ ನೋಡ್ತಾರೆ. ನಿಜವಾಗಿ ಫಿಲ್ಟರ್ ಅನ್ನೋದು ಆರನೇ ಕೆಲಸ. ಅದಕ್ಕೆ ಮುಂಚೆ ಐದು ಕೆಲಸ ಇದೆ, ಅದನ್ನ ಬಿಟ್ಟು ಎಷ್ಟು ದುಡ್ಡಿನ ಫಿಲ್ಟರ್ ತಂದ್ರೂ ಉಪಯೋಗ ಇಲ್ಲ.

ಇದು ಕೋಲಾರ, ಮಾಲೂರು, ಬಂಗಾರಪೇಟೆ, ಚಿಂತಾಮಣಿ, ಶಿಡ್ಲಘಟ್ಟ ಈ ಕಡೆ ಇರೋ ಮೋಲ್ಡ್ ಮನೆಗೆ ಬರೆದಿರೋದು. ವರ್ಷವಿಡೀ ಹರಿಯೋ ನದಿ ಇಲ್ಲದ ಸೀಮೆ, ಬೋರ್ ಸಾವಿರ ಅಡಿ ದಾಟಿದೆ, ಬರೋ ನೀರಲ್ಲಿ ಬೇಳೆ ಬೇಯಲ್ಲ, ಎಷ್ಟೋ ಕಡೆ ಫ್ಲೋರೈಡ್ ಬೇರೆ.

## ಶುರು ಮಾಡೋ ಮುಂಚೆ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಇಷ್ಟು ನೆನಪಿಟ್ಕೊಂಡ್ರೆ ಸಾಕು. 30×40 ಸೈಟಲ್ಲಿ ಕಟ್ಟಿರೋ ಮನೆಗೆ ಸುಮಾರು 1000 ಚದರಡಿ ಟೆರೇಸ್ ಇರತ್ತೆ ಅಂದ್ಕೊಳ್ಳಿ, ಅದು 93 ಚದರ ಮೀಟರ್. ಕೋಲಾರದಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಆಸುಪಾಸು ಮಳೆ. ಅಂದ್ರೆ 65,000 ಲೀಟರ್ ಬೀಳತ್ತೆ, ಆವಿಯಾಗೋದು, ಚೆಲ್ಲೋದು, ಮೊದಲ ನೀರು ಆಚೆ ಬಿಡೋದು ಎಲ್ಲ ಕಳೆದು ಕೈಗೆ 50,000 ಸಿಗತ್ತೆ.

ಈ ಅಂಕಿ ನೋಡಿ ಎಲ್ಲವನ್ನೂ ಹಿಡಿಯೋಣ ಅಂತ ದೊಡ್ಡ ಸಂಪು ತೋಡಿಸೋಕೆ ಹೋಗ್ಬೇಡಿ. ಸ್ನಾನ, ಬಟ್ಟೆ, ಟಾಯ್ಲೆಟ್ಟಿಗೆ ಬೋರ್ ನೀರೋ ಟ್ಯಾಂಕರ್ ನೀರೋ ನಡೆಯತ್ತೆ. ಮಳೆ ನೀರು ಬೇಕಾಗಿರೋದು ಕುಡಿಯೋಕೆ ಮತ್ತು ಅಡುಗೆಗೆ. ಐದು ಜನದ ಮನೆಗೆ ತಲಾ ಆರು ಲೀಟರ್ ಅಂತ ದಿನಕ್ಕೆ 30 ಲೀಟರ್. 8000 ಲೀಟರ್ ಸಂಪು ಅಕ್ಟೋಬರ್ ಕೊನೆಗೆ ತುಂಬಿದ್ರೆ ಎಂಟೂವರೆ ತಿಂಗಳ ಮೇಲೆ ಬರತ್ತೆ, ಅಷ್ಟೊತ್ತಿಗೆ ಜುಲೈ ಬಂದಿರತ್ತೆ, ನಡುವೆ ಮೇ ತಿಂಗಳ ಮಳೇನೂ ಸಿಕ್ಕಿರತ್ತೆ. ಆದ್ದರಿಂದ ಗುರಿ 8000 ಲೀಟರ್. 20 ಮಿಲಿಮೀಟರ್ ಮಳೆ ಒಂದು ಸಲ ಬಂದ್ರೆ 1500 ಲೀಟರ್ ಒಳಗೆ ಬರತ್ತೆ, ಹಾಗಾಗಿ ಐದಾರು ಒಳ್ಳೆ ಮಳೆಗೆ ತುಂಬತ್ತೆ. ಬರಗಾಲದ ವರ್ಷದಲ್ಲೂ ಅಷ್ಟು ಮಳೆ ಸಾಮಾನ್ಯವಾಗಿ ಬಂದೇ ಬರತ್ತೆ.

## ಬೇಕಾಗೋ ಸಾಮಾನು

ನಾಲ್ಕಿಂಚು ಮತ್ತು ಆರಿಂಚು ಪಿವಿಸಿ ಪೈಪ್, ಎಲ್ಬೋ, ಟೀ, ನಾಲ್ಕಿಂಚಿನ ವಾಲ್ವ್ ಅಥವಾ ಬಿಚ್ಚಿ ಹಾಕೋ ಎಂಡ್ ಕ್ಯಾಪ್, ಸಾಲ್ವೆಂಟ್, ಹ್ಯಾಕ್ಸಾ, ಗೋಡೆ ಕ್ಲಾಂಪ್. 200 ಲೀಟರ್ ನೀಲಿ ಡ್ರಮ್ ಒಂದು, ಅದಕ್ಕೆ ಟ್ಯಾಂಕ್ ನಿಪ್ಪಲ್. ಸ್ಟೀಲ್ ಜಾಲರಿ, ನೈಲಾನ್ ಸೊಳ್ಳೆ ಪರದೆ ಬಟ್ಟೆ. 40 ಎಂ.ಎಂ. ಜಲ್ಲಿ, 20 ಎಂ.ಎಂ. ಜಲ್ಲಿ, ದಪ್ಪ ಮರಳು. ಮಟ್ಟ ನೋಡೋಕೆ ಪಾರದರ್ಶಕ ಟ್ಯೂಬ್ ಹತ್ತು ಮೀಟರ್. ಪೆನ್ನಿನ ಥರ ಇರೋ ಟಿಡಿಎಸ್ ಮೀಟರ್ ಒಂದು, ನೀರಲ್ಲಿ ಕರಗಿರೋ ಲವಣ ಎಷ್ಟಿದೆ ಅಂತ ಅಳೆಯೋಕೆ.

ಡ್ರಮ್ ತರೋವಾಗ ಅದ್ರಲ್ಲಿ ಮುಂಚೆ ಏನಿತ್ತು ಅಂತ ಕೇಳಿ. ಗುಜರಿಯಲ್ಲಿ ಸಿಗೋ ಡ್ರಮ್ಮುಗಳಲ್ಲಿ ಎಷ್ಟೋ ಕೆಮಿಕಲ್ ಫ್ಯಾಕ್ಟರಿಯಿಂದ ಬಂದಿರತ್ವೆ. ಮುಚ್ಚಳ ತೆಗೆದು ಮೂಸಿ ನೋಡಿ, ಘಾಟು ಇದ್ರೆ ಎಷ್ಟು ತೊಳೆದ್ರೂ ಹೋಗಲ್ಲ, ಬಿಟ್ಟುಬಿಡಿ.

## 1. ಟೆರೇಸ್ ಪರೀಕ್ಷೆ

ಟೆರೇಸ್ ಗುಡಿಸಿ, ಎರಡು ಡ್ರಮ್ ನೀರು ಸುರಿದು ಅರ್ಧ ಗಂಟೆ ಬಿಟ್ಟು ಮೇಲೆ ಹೋಗಿ ನೋಡಿ. ನೀರು ಎಲ್ಲಿ ನಿಂತಿದೆ ಅನ್ನೋದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ ಸೋಲಾರ್ ಸ್ಟ್ಯಾಂಡಿನ ಕಾಲು ಹತ್ರ, ಸಿಂಟೆಕ್ಸ್ ಕಟ್ಟೆ ಹಿಂದೆ, ಪ್ಯಾರಾಪೆಟ್ ಮೂಲೆಯಲ್ಲಿ ನಿಲ್ಲತ್ತೆ. ಅಲ್ಲಿ ಕಪ್ಪು ಪಾಚಿ ಕಲೆ ಇದ್ರೆ ವರ್ಷಾನುಗಟ್ಟಲೆಯಿಂದ ನಿಲ್ತಿದೆ ಅಂತ ಅರ್ಥ. ಆ ಜಾಗಕ್ಕೆ ಮೇಸ್ತ್ರಿ ಕರೆಸಿ ವಾಟ ಸರಿ ಮಾಡಿಸಿ, ನೀರು ಪೈಪಿನ ಬಾಯಿಗೆ ತಾನಾಗೇ ಹರಿಬೇಕು.

ಆಮೇಲೆ ಟೆರೇಸ್ ಮೇಲೆ ಏನೇನಿದೆ ಅಂತ ನೋಡಿ. ನಮ್ಮ ಕಡೆ ಟೆರೇಸ್ ಅಂದ್ರೆ ಕಣ ಇದ್ದಂಗೆ, ಹುಣಸೆಹಣ್ಣು ಅಲ್ಲೇ ಒಣಗತ್ತೆ, ರಾಗಿ ಅಲ್ಲೇ ಹರಡ್ತೀವಿ, ಮೆಣಸಿನಕಾಯಿ, ಸಂಡಿಗೆ ಎಲ್ಲ ಅಲ್ಲೇ. ಒಣಗಿಸಬೇಡಿ ಅಂತ ಹೇಳ್ತಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಮುಗಿಸಿ ಆಮೇಲೆ ಗುಡಿಸಿ ತೊಳೆದುಬಿಡಿ. ರಾಗಿ ಹೊಟ್ಟು ಒದ್ದೆಯಾಗಿ ಜಾಲರಿಗೆ ಅಂಟ್ಕೊಂಡ್ರೆ ಅಂಟಿನ ಪದರ ಆಗತ್ತೆ, ಆಮೇಲೆ ನೀರು ಇಳಿಯಲ್ಲ.

ಈ ಕೆಳಗಿನವು ಇದ್ರೆ ಕುಡಿಯೋ ನೀರಿಗೆ ಆ ಭಾಗದ ಮಳೆ ತಗೋಬೇಡಿ:

- ಆಸ್ಬೆಸ್ಟಾಸ್ ಶೀಟ್ ಚಾವಣಿ.
- ಡಾಂಬರು ಹಚ್ಚಿರೋ ಅಥವಾ ಡಾಂಬರು ಶೀಟ್ ಅಂಟಿಸಿರೋ ಟೆರೇಸ್.
- ಪಾರಿವಾಳ ಕೂರೋ ಜಾಗ, ನಾಯಿ ಕಟ್ಟೋ ಜಾಗ.
- ಹುಳು ಮನೆಯ ಚಾವಣಿ, ಅಥವಾ ರೇಷ್ಮೆ ತಟ್ಟೆ, ಚಂದ್ರಿಕೆ ತೊಳೆದು ಔಷಧಿ ಹೊಡೆದು ಒಣಹಾಕೋ ಜಾಗ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಇದನ್ನ ಗಮನಿಸಲೇಬೇಕು.

ಬಿಸಿಲಿಗೆ ಅಂತ ಬಿಳಿ ಕೂಲಿಂಗ್ ಪೇಂಟ್ ಹೊಸದಾಗಿ ಹೊಡೆಸಿದ್ರೆ ಮೊದಲ ನಾಲ್ಕೈದು ಮಳೆ ಆಚೆ ಬಿಡಿ. ಸೋಲಾರ್ ಹೀಟರ್ ಇದ್ರೆ ಅದರ ಏರ್ ಪೈಪಿಂದ ಉಪ್ಪು ನೀರು ತೊಟ್ಟಿಕ್ತಾ ಇರತ್ತೆ, ಪ್ಲಂಬರ್ ಬಂದು ಆಸಿಡ್ ಹಾಕಿ ಟ್ಯೂಬ್ ತೊಳೆದಾಗ ಆ ನೀರೂ ಟೆರೇಸಿಗೇ ಬೀಳತ್ತೆ. ಅದಕ್ಕೆ ಬೇರೆ ಸಣ್ಣ ಪೈಪ್ ಹಾಕಿ ನೇರ ಮೋರಿಗೆ ಬಿಡಿ.

## 2. ಸಂಪಿನ ಜಾಗ ಮತ್ತು ಬೇರೆ ಸಂಪೇ ಯಾಕೆ

ಈ ಭಾಗ ಸ್ವಲ್ಪ ನಿಧಾನವಾಗಿ ಓದಿ. ಇರೋ ಸಂಪಿಗೇ ಮಳೆ ನೀರು ಬಿಟ್ಟುಬಿಡೋಣ ಅಂತ ಮೇಸ್ತ್ರಿಗಳು ಹೇಳ್ತಾರೆ, ಖರ್ಚೂ ಉಳಿಯತ್ತೆ. ಬೇಡ. ಬೋರ್ ನೀರು, ಟ್ಯಾಂಕರ್ ನೀರು ಎರಡೂ ಗಡಸು, ಟ್ಯಾಂಕರಿನವರು ತರೋದೂ ಯಾವುದೋ ಬೋರಿಂದಾನೇ. ಸಾವಿರ ಲೀಟರ್ ಸಿಹಿ ನೀರಿಗೆ ಸಾವಿರ ಲೀಟರ್ ಗಡಸು ನೀರು ಬೆರೆಸಿದ ಮೇಲೆ ನಿಮ್ಮ ಹತ್ರ ಇರೋದು ಎರಡು ಸಾವಿರ ಲೀಟರ್ ಅರೆಗಡಸು ನೀರು. ಫ್ಲೋರೈಡ್ ಇದ್ರೆ ಅದೂ ಬೆರೆತೋಯ್ತು. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ದಾರಿ ಇಲ್ಲದಿದ್ರೆ 1.5ರವರೆಗೆ ಅಂತ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಇದೆ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದಿರೋದ್ರಲ್ಲಿ ಅದರ ಪ್ರಮಾಣ ಜಾಸ್ತಿನೇ ಆಗತ್ತೆ. ಮಕ್ಕಳ ಹಲ್ಲಲ್ಲಿ ಸುಣ್ಣದ ಥರ ಬಿಳಿ ಗೆರೆ, ಕಂದು ಕಲೆ ಕಾಣಿಸಿದ್ರೆ ನಿಮ್ಮ ಬೋರ್ ನೀರು ಟೆಸ್ಟ್ ಮಾಡಿಸಲೇಬೇಕು, ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಮಾಡ್ತಾರೆ.

ಕೆ.ಸಿ. ವ್ಯಾಲಿ ನೀರು 2018ರಿಂದ ನಮ್ಮ ಕೆರೆಗಳಿಗೆ ಬರ್ತಿದೆ, ಅದು ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕೆರೆ ತುಂಬಿಸಿ ಅಂತರ್ಜಲ ಏರಿಸೋಕೆ ಮಾಡಿರೋದು, ನೇರ ಕುಡಿಯೋಕಲ್ಲ. ಬೋರಲ್ಲಿ ನೀರಿನ ಮಟ್ಟ ಏರಿದೆ ಅಂದ್ರೆ ಆ ನೀರು ಕುಡಿಯೋಕೆ ಆಗತ್ತೆ ಅಂತ ಅಲ್ಲ.

ಹಾಗಾಗಿ ಬೇರೆ ಸಂಪು. ಒಳ ಅಳತೆ ಉದ್ದ 8 ಅಡಿ, ಅಗಲ 6 ಅಡಿ, ನೀರಿನ ಆಳ 6 ಅಡಿ ಇಟ್ರೆ 8100 ಲೀಟರ್ ಹಿಡಿಯತ್ತೆ, ಮೇಲೆ ಇನ್ನೊಂದಡಿ ಖಾಲಿ ಬಿಡಿ. ಟಾಯ್ಲೆಟ್ ಗುಂಡಿಯಿಂದ ಎಷ್ಟು ದೂರ ಆಗತ್ತೋ ಅಷ್ಟು ದೂರ, ಅದಕ್ಕಿಂತ ಎತ್ತರದ ಕಡೆ. ತಳದಲ್ಲಿ ಒಂದು ಮೂಲೆಗೆ ವಾಟ ಕೊಟ್ಟು ಅಲ್ಲಿ ಒಂದಡಿ ಅಗಲದ ಸಣ್ಣ ಗುಣಿ ಬಿಡಿಸಿ, ಕ್ಲೀನ್ ಮಾಡೋವಾಗ ಕೆಸರೆಲ್ಲ ಅಲ್ಲಿಗೆ ಬರತ್ತೆ. ಮೇಲೆ ನಮ್ಮೂರ ಕಲ್ಲು ಚಪ್ಪಡಿ ಹಾಸಿದ್ರೂ ಸರಿ, ಆದ್ರೆ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿಸಿ, ಒಂದು ಬೆಳಕಿನ ಗೆರೆ ಒಳಗೆ ಬಿದ್ರೂ ಪಾಚಿ ಬೆಳೆಯತ್ತೆ. ಜಾಗ ಇಲ್ಲದವರು 2000 ಲೀಟರಿನ ನಾಲ್ಕು ಸಿಂಟೆಕ್ಸ್ ಸಾಲಾಗಿ ಇಟ್ಟು ತಳದಲ್ಲಿ ಪೈಪಿಂದ ಜೋಡಿಸಿದ್ರೂ ಆಗತ್ತೆ, ಕಪ್ಪು ಬಣ್ಣದ್ದೇ ತಗೊಳ್ಳಿ, ನೆರಳಲ್ಲಿಡಿ.

ಸಂಪು ಕಟ್ಟಿ ಕ್ಯೂರಿಂಗ್ ಆದ ಮೇಲೆ ತುಂಬ ನೀರು ಬಿಟ್ಟು ಮಟ್ಟಕ್ಕೆ ಮೊಳೆಯಲ್ಲಿ ಗೀರಿ. ಮಾರನೇ ದಿನ ಅದೇ ಹೊತ್ತಿಗೆ ನೋಡಿ, ಗೆರೆಯಿಂದ ಅರ್ಧ ಇಂಚಿಗಿಂತ ಜಾಸ್ತಿ ಇಳಿದಿದ್ರೆ ಸೋರ್ತಿದೆ. ಈ ಮೊದಲ ನೀರಲ್ಲಿ ಸಿಮೆಂಟಿನ ಸುಣ್ಣ ಇರತ್ತೆ, ಗಿಡಕ್ಕೂ ಹಾಕ್ಬೇಡಿ, ಖಾಲಿ ಮಾಡಿ ಬ್ರಷ್ ಹಾಕಿ ತೊಳೀರಿ.

## 3. ಓವರ್‌ಫ್ಲೋ ಮೊದಲು ತೀರ್ಮಾನ ಮಾಡಿ

ಪೈಪ್ ಹಾಕೋಕೆ ಮುಂಚೆ, ಸಂಪು ತುಂಬಿದ ಮೇಲೆ ನೀರು ಎಲ್ಲಿಗೆ ಹೋಗತ್ತೆ ಅನ್ನೋದು ಗೊತ್ತಿರ್ಬೇಕು. ವರ್ಷಕ್ಕೆ 50,000 ಲೀಟರ್ ಬಂದು 8000 ಒಳಗುಳಿದ್ರೆ, ದಿನಬಳಕೆಗೆ ಎತ್ತೋದು ಕಳೆದ್ರೂ ಮುಕ್ಕಾಲು ಪಾಲು ನೀರು ಓವರ್‌ಫ್ಲೋನಲ್ಲೇ ಹೋಗತ್ತೆ. ಆದ್ರೂ ಒಂದೂವರೆ ಇಂಚು ಪೈಪ್ ಹಾಕಿರೋ ಮನೆಗಳೇ ಜಾಸ್ತಿ. ಜೋರು ಮಳೆಗೆ ನೀರು ಮುಚ್ಚಳ ಎತ್ಕೊಂಡು ಮೇಲೆ ಬರತ್ತೆ, ಪಾಯದ ಪಕ್ಕ ಇಂಗತ್ತೆ, ಆಮೇಲೆ ಗೋಡೆ ತಳದಲ್ಲಿ ಉಪ್ಪು ಉಬ್ಬಿ ಬಣ್ಣ ಉದುರತ್ತೆ.

ಒಳಗೆ ಬರೋ ಪೈಪ್ ಎಷ್ಟು ದಪ್ಪವೋ ಆಚೆ ಹೋಗೋದೂ ಅಷ್ಟೇ ದಪ್ಪ ಇರ್ಲಿ. ಓವರ್‌ಫ್ಲೋ ಬಾಯಿ, ಒಳಬರೋ ಪೈಪ್ ಸಂಪಿನ ಗೋಡೆ ಸೇರೋ ಜಾಗಕ್ಕಿಂತ ಮೂರು ಇಂಚಾದ್ರೂ ಕೆಳಗಿರ್ಬೇಕು, ಹಾಗೇ ರಸ್ತೆ ಮೋರಿಗಿಂತ ಮೇಲಿರ್ಬೇಕು. ಪಾರದರ್ಶಕ ಟ್ಯೂಬಲ್ಲಿ ನೀರು ತುಂಬಿ ಎರಡೂ ಕಡೆ ಮಟ್ಟ ಹಿಡಿದು ನೋಡಿ, ಕಣ್ಣಂದಾಜು ನಂಬಬೇಡಿ, ಮೇಸ್ತ್ರಿ "ಅದೆಲ್ಲ ಸರಿಯಾಗೇ ಐತೆ ಬಿಡಿ ಸಾರ್" ಅಂದ್ರೂ ನೀವೇ ಒಂದು ತುದಿ ಹಿಡ್ಕೊಳ್ಳಿ. ಬಾಯಿಗೆ ಸೊಳ್ಳೆ ಪರದೆ ಕಟ್ಟಿ.

ಒಳಚರಂಡಿ ಚೇಂಬರಿಗೆ ಓವರ್‌ಫ್ಲೋ ಜೋಡಿಸಲೇಬೇಡಿ. ಜೋರು ಮಳೆಗೆ ಚರಂಡಿ ಕಟ್ಕೊಂಡಾಗ ಅದೇ ಪೈಪಲ್ಲಿ ಕಕ್ಕಸಿನ ನೀರು ವಾಪಸ್ ನಿಮ್ಮ ಸಂಪಿಗೆ ಬರತ್ತೆ.

## 4. ಟೆರೇಸಿಂದ ಇಳಿಯೋ ಪೈಪ್

ನಮ್ಮಲ್ಲಿ ಮಳೆ ಸೋನೆಯಾಗಿ ಬರೋದು ಕಡಿಮೆ, ಗುಡುಗು ಸಿಡಿಲು ಬಂದು ಅರ್ಧ ಗಂಟೆ ಸುರಿದು ನಿಂತೋಗತ್ತೆ. ಪೈಪ್ ಲೆಕ್ಕ ಆ ಅರ್ಧ ಗಂಟೆಗೆ ಹಾಕ್ಬೇಕು. ಸುಮಾರು 450 ಚದರಡಿಗೆ ಒಂದು ನಾಲ್ಕಿಂಚು ಪೈಪ್. 1000 ಚದರಡಿಗೆ ಎರಡಂತೂ ಬೇಕೇ ಬೇಕು, ಎರಡೂ ಕೆಳಗೆ ಬಂದು ಸೇರಿದ ಮೇಲೆ ಆರಿಂಚು ಪೈಪ್. ಎರಡು ನಾಲ್ಕಿಂಚನ್ನ ತಂದು ಒಂದು ನಾಲ್ಕಿಂಚಿಗೆ ಸೇರಿಸೋದು ತೀರಾ ಸಾಮಾನ್ಯ ತಪ್ಪು, ಆಗ ಟೆರೇಸಲ್ಲಿ ನೀರು ಕಟ್ಟಿ ಬಾಗಿಲ ಸಂದಿಯಿಂದ ಮನೆಯೊಳಗೆ ಇಳಿಯತ್ತೆ.

ಪೈಪಿನ ಬಾಯಿಗೆ ಚಪ್ಪಟೆ ಜಾಲರಿ ಬೇಡ, ಒಂದು ಹೊಂಗೆ ಎಲೆ ಬಿದ್ರೆ ಅರ್ಧ ಮುಚ್ಚತ್ತೆ. ಗುಮ್ಮಟದ ಥರ ಎದ್ದಿರೋ ಜಾಲರಿ ಹಾಕಿ. ಅಡ್ಡ ಹೋಗೋ ಪೈಪಿಗೆ ಹತ್ತು ಅಡಿಗೆ ಒಂದಿಂಚಾದ್ರೂ ಇಳಿಜಾರು. ಎಲ್ಬೋ ಕಡಿಮೆ ಇದ್ದಷ್ಟೂ ಒಳ್ಳೇದು, ಪ್ರತಿ ತಿರುವಲ್ಲಿ ಕಸ ಕೂರತ್ತೆ, ಹಾಗಾಗಿ ತಿರುವಿನ ಹತ್ರ ಬಿಚ್ಚೋ ಮುಚ್ಚಳ ಇರೋ ಫಿಟ್ಟಿಂಗ್ ಹಾಕಿ. ಬಿಸಿಲಿಗೆ ಬೀಳೋ ಪಿವಿಸಿ ಕೆಲವು ವರ್ಷಕ್ಕೆ ಪೆಡಸಾಗಿ ತಟ್ಟಿದ್ರೆ ಒಡೆಯತ್ತೆ, ಗೋಡೆ ಬಣ್ಣದ್ದೇ ಒಂದು ಕೋಟ್ ಪೇಂಟ್ ಹೊಡೆದುಬಿಡಿ.

## 5. ಮೊದಲ ನೀರು ಆಚೆ ಬಿಡೋದು

ನೀರಿನ ಗುಣ ತೀರ್ಮಾನ ಆಗೋದು ಇಲ್ಲೇ. ಧೂಳು, ಹಕ್ಕಿ ಹಿಕ್ಕೆ, ಎಲೆ ಪುಡಿ ಎಲ್ಲ ಮಳೆಯ ಮೊದಲ ಒಂದೆರಡು ಮಿಲಿಮೀಟರಲ್ಲೇ ತೊಳೆದು ಬರತ್ತೆ. 93 ಚದರ ಮೀಟರಿಗೆ ಎರಡು ಮಿಲಿಮೀಟರ್ ಅಂದ್ರೆ 186 ಲೀಟರ್. ಈಗ ಎಲ್ಲಾ ಮನೆಗಳಲ್ಲಿ ಕಾಣೋದೇನು ಅಂದ್ರೆ ಪೈಪಿನ ತುದಿಗೆ ಮೂರಡಿ ತುಂಡು, ಕೆಳಗೊಂದು ಕ್ಯಾಪ್, ಇದೇ ಫಸ್ಟ್ ಫ್ಲಶ್ ಅಂತಾರೆ. ನಾಲ್ಕಿಂಚು ಪೈಪ್ ಒಂದು ಮೀಟರಿಗೆ ಎಂಟು ಲೀಟರ್ ಚಿಲ್ರೆ ಹಿಡಿಯತ್ತೆ. ಅಂದ್ರೆ 186 ಬೇಕಾದ ಕಡೆ ಎಂಟು ಲೀಟರ್ ಬಿಟ್ಟು ಉಳಿದಿದ್ದೆಲ್ಲ ಸಂಪಿಗೆ ಕಳಿಸ್ತಿದ್ದಾರೆ.

ಎರಡು ವಿಧಾನ ಇದೆ, ಎರಡನ್ನೂ ಒಟ್ಟಿಗೆ ಮಾಡಿ ಅಂತಾನೇ ಹೇಳ್ತೀನಿ.

ಮೊದಲನೇದು ಕೈಯಲ್ಲಿ ಬಿಡೋದು. ಇಳಿಯೋ ಪೈಪ್ ನೇರ ನೆಲದವರೆಗೆ ಬಂದು ಮೋರಿ ಕಡೆ ಬಾಯಿ ಬಿಡ್ಲಿ, ಅಲ್ಲಿ ವಾಲ್ವ್. ನೆಲದಿಂದ ಮೂರಡಿ ಮೇಲೆ ಟೀ ಹಾಕಿ ಅದರ ಕವಲು ಫಿಲ್ಟರಿಗೆ. ವಾಲ್ವ್ ತೆಗೆದಿದ್ರೆ ನೀರೆಲ್ಲ ಆಚೆ, ಮುಚ್ಚಿದ್ರೆ ಪೈಪ್ ತುಂಬಿ ಫಿಲ್ಟರಿಗೆ. ಮಳೆ ಶುರುವಾಗಿ ಹತ್ತು ನಿಮಿಷ ಆದ ಮೇಲೆ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ, ತಿಳಿಯಾಗಿದ್ರೆ ಮುಚ್ಚಿ. ಮಳೆ ಇಲ್ಲದ ದಿನ ಈ ವಾಲ್ವ್ ತೆಗೆದೇ ಇರ್ಲಿ, ಟೆರೇಸ್ ತೊಳೆದ ಸೋಪಿನ ನೀರು ತಪ್ಪಿ ಒಳಗೆ ಹೋಗಬಾರದು.

ಎರಡನೇದು ಡ್ರಮ್, ರಾತ್ರಿ ಮಳೆಗೆ, ಮನೆಯಲ್ಲಿ ಯಾರೂ ಇಲ್ಲದಾಗ. ಮಳೆ ಬರೋ ಹಾಗಿದ್ರೆ ಆಗ ವಾಲ್ವ್ ಮುಚ್ಚಿಟ್ಟಿರ್ಬೇಕು. ಆ ವಾಲ್ವಿನ ಪಕ್ಕದಿಂದ ಇನ್ನೊಂದು ಪೈಪ್ ತೆಗೆದು 200 ಲೀಟರ್ ಡ್ರಮ್ಮಿನ ತಳದ ಬದಿಗೆ ಟ್ಯಾಂಕ್ ನಿಪ್ಪಲಲ್ಲಿ ಜೋಡಿಸಿ. ಡ್ರಮ್ಮಿನ ಬಾಯಿ, ಫಿಲ್ಟರಿಗೆ ಹೋಗೋ ಕವಲಿಗಿಂತ ಮೂರು ನಾಲ್ಕು ಇಂಚು ಮೇಲಿರ್ಬೇಕು. ಮಳೆ ಬಂದಾಗ ಕೊಳೆ ನೀರು ಮೊದಲು ಡ್ರಮ್ಮಿಗೆ ಹೋಗತ್ತೆ, ಡ್ರಮ್ಮಲ್ಲಿ ನೀರು ಕವಲಿನ ಮಟ್ಟಕ್ಕೆ ಬಂದ ಮೇಲೆ ಮುಂದಿನದು ಫಿಲ್ಟರ್ ಕಡೆ ತಿರುಗತ್ತೆ. ಡ್ರಮ್ ಬಾಯಿ ಕೆಳಗಿದ್ರೆ ಅಲ್ಲೇ ಚೆಲ್ಲಿ ಹೋಗತ್ತೆ, ಫಿಲ್ಟರಿಗೆ ಹನಿ ನೀರೂ ಬರಲ್ಲ, ಮಟ್ಟ ಹಿಡಿಯೋವಾಗ ಇದನ್ನ ಎರಡು ಸಲ ನೋಡಿ. ತಳದಲ್ಲಿ ಸಣ್ಣ ನಲ್ಲಿ ಇಟ್ಟು ಬೆಳಿಗ್ಗೆ ಎದ್ದು ಖಾಲಿ ಮಾಡಿ. ಮರೆಯೋರಾದ್ರೆ ನಲ್ಲಿಯನ್ನ ತೊಟ್ಟಿಕ್ಕೋ ಹಾಗೆ ಬಿಟ್ಟಿರಿ, ತಾನಾಗೇ ಖಾಲಿ ಆಗತ್ತೆ. ಬಾಯಿಗೆ ಪರದೆ ಕಟ್ಟೋದು ಮರೀಬೇಡಿ, ಡೆಂಗ್ಯೂ ಸೊಳ್ಳೆಗೆ ಇಂಥ ಡ್ರಮ್ಮೇ ಬೇಕು.

## 6. ಫಿಲ್ಟರ್

ಈಗ ಫಿಲ್ಟರ್. ಅಂಗಡಿಯಲ್ಲಿ ರೆಡಿ ಸಿಗೋದು ತಂದ್ರೆ ಅದು ಎಷ್ಟು ಚದರಡಿ ಟೆರೇಸಿಗೆ ಅಂತ ಬರೆದಿರತ್ತೆ, ನಿಮ್ಮದಕ್ಕಿಂತ ದೊಡ್ಡ ಅಳತೆದೇ ತಗೊಳ್ಳಿ. ಮನೆಯಲ್ಲೇ ಮಾಡೋದಾದ್ರೆ ಮರಳು ಫಿಲ್ಟರ್. ಇದನ್ನ ಡ್ರಮ್ಮಲ್ಲಿ ಮಾಡೋದು ರೂಢಿ, ಆದ್ರೆ ಅರ್ಧ ಗಂಟೆಯಲ್ಲಿ 25 ಮಿಲಿಮೀಟರ್ ಸುರಿದ್ರೆ 2300 ಲೀಟರ್ ಬರತ್ತೆ, ಒಂದು ಡ್ರಮ್ ಮರಳು ಅಷ್ಟು ಬೇಗ ಇಳಿಸಲ್ಲ. ಇಟ್ಟಿಗೆಯಲ್ಲಿ ಮೂರಡಿ ಉದ್ದ ಮೂರಡಿ ಅಗಲ ಮೂರೂವರೆ ಅಡಿ ಆಳದ ತೊಟ್ಟಿ ಕಟ್ಟಿಸಿ.

ತಳದಿಂದ ಮೇಲಕ್ಕೆ: 40 ಎಂ.ಎಂ. ಜಲ್ಲಿ ಎಂಟು ಇಂಚು, ಅದರೊಳಗೆ ತೂತು ಕೊರೆದ ಪೈಪ್ ಸಂಪಿಗೆ ಹೋಗತ್ತೆ. ಮೇಲೆ 20 ಎಂ.ಎಂ. ಜಲ್ಲಿ ಆರು ಇಂಚು. ಅದರ ಮೇಲೆ ನೈಲಾನ್ ಪರದೆ, ಅಂಚು ಗೋಡೆಗೆ ಮೇಲೆ ಮಡಿಸಿ. ಮರಳು ಹತ್ತು ಇಂಚು. ಮತ್ತೆ ಪರದೆ, ಅದು ಹಾರದ ಹಾಗೆ ಎರಡಿಂಚು ಜಲ್ಲಿ. ಉಳಿದ 16 ಇಂಚು ಮೇಲೆ ಖಾಲಿ ಇರ್ಲಿ, ನೀರು ನಿಲ್ಲೋಕೆ. ಆ ಖಾಲಿ ಜಾಗದ ಮೇಲ್ಭಾಗದಲ್ಲಿ ಒಂದು ಬೈಪಾಸ್ ಪೈಪ್ ಇಟ್ಟು ಓವರ್‌ಫ್ಲೋ ಲೈನಿಗೆ ಸೇರಿಸಿ, ಫಿಲ್ಟರ್ ಹೀರದ ನೀರು ಹೊರಗೆ ಹೋಗ್ಲಿ. ಇದ್ದಿಲು ಹಾಕ್ಬೇಕು ಅಂತ ಕೆಲವರು ಹೇಳ್ತಾರೆ, ಸೌದೆ ಇದ್ದಿಲು ಪುಡಿಯಾಗಿ ಕರಿ ನೀರು ಬರತ್ತೆ, ವರ್ಷಾವರ್ಷ ಬದಲಾಯಿಸೋ ತಾಳ್ಮೆ ಇದ್ರೆ ಮಾತ್ರ ಹಾಕಿ.

ಮರಳಿನ ವಿಷಯ. ಇಲ್ಲಿ ಸುತ್ತಮುತ್ತ ಕ್ರಷರ್‌ಗಳೇ ಇರೋದ್ರಿಂದ ಮೇಸ್ತ್ರಿ ಎಂ-ಸ್ಯಾಂಡ್ ಸುರಿದುಬಿಡ್ತಾನೆ. ಅದರಲ್ಲಿರೋ ಕಲ್ಲು ಧೂಳು ಒಂದು ಸೀಸನ್ ಪೂರ್ತಿ ಸಂಪಿಗೆ ಇಳೀತಾ ಇರತ್ತೆ, ಜೊತೆಗೆ ಮರಳೂ ಗಟ್ಟಿ ಕಟ್ಕೊಳ್ಳತ್ತೆ. ಯಾವ ಮರಳೇ ಆಗ್ಲಿ ಒಂದು ಮುಷ್ಟಿ ತಗೊಂಡು ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಡಿ. ಮರಳು ತಕ್ಷಣ ತಳಕ್ಕೆ ಕೂರತ್ತೆ, ಮೇಲಿನ ನೀರು ಎರಡು ನಿಮಿಷ ಆದ್ರೂ ಬೂದಿ ಬಣ್ಣ ಇದ್ರೆ ಇನ್ನೂ ತೊಳೀಬೇಕು. ಬಾಂಡ್ಲಿಗೆ ಹಾಕಿ ಪೈಪಲ್ಲಿ ನೀರು ಬಿಟ್ಟು ಕೈಯಾಡಿಸಿ ಚೆಲ್ಲಿ, ಬಾಟಲಿ ನೀರು ತಿಳಿಯಾಗೋವರೆಗೆ ಬಿಡಬೇಡಿ. ಬೇಜಾರಿನ ಕೆಲಸ, ಕೂಲಿಯವರು ಮಾಡಲ್ಲ, ಮನೆಯವರೇ ನಿಂತು ಮಾಡಿಸ್ಬೇಕು. ಜಲ್ಲಿಗೂ ಇದೇ.

## 7. ಒಳಗೆ ಇಳಿಯೋ ಪೈಪ್, ಮೇಲೆ ಎತ್ತೋ ಪೈಪ್

ನೀರು ಮೇಲಿಂದ ಧೊಪ್ಪನೆ ಬಿದ್ರೆ ತಳದ ಕೆಸರೆಲ್ಲ ಕಲಕತ್ತೆ. ಒಳ ಪೈಪನ್ನ ತಳದಿಂದ ಆರು ಇಂಚಿನವರೆಗೆ ಇಳಿಸಿ, ತುದಿಗೆ ಎಲ್ಬೋ ಹಾಕಿ ಬಾಯಿ ಮೇಲ್ಮುಖ ಮಾಡಿ. ಎತ್ತೋ ಮೋಟರಿನ ಫುಟ್ ವಾಲ್ವ್ ಕೂಡ ತಳಕ್ಕೆ ತಾಗಬಾರದು, ಒಂದಡಿ ಮೇಲಿರ್ಲಿ, ಒಳ ಪೈಪಿಗೆ ಎದುರಿನ ಮೂಲೆಯಲ್ಲಿ.

ದಿನಕ್ಕೆ 30 ಲೀಟರಿಗೆ ಮೋಟರ್ ಬೇಕಾಗೂ ಇಲ್ಲ, ಒಂದು ಕೈ ಪಂಪ್ ಸಾಕು. ಮೋಟರ್ ಹಾಕಿದ್ರೆ ಅದರ ಪೈಪನ್ನ ಓವರ್‌ಹೆಡ್ ಟ್ಯಾಂಕಿನ ಲೈನಿಗೆ ಸೇರಿಸಬೇಡಿ, ವಾಲ್ವ್ ಇಟ್ಟು ಸೇರಿಸಿದ್ರೂ ಯಾವತ್ತೋ ಒಂದಿನ ವಾಲ್ವ್ ಸೋರಿ ಬೋರ್ ನೀರು ವಾಪಸ್ ಇಳಿಯತ್ತೆ. ಅಡುಗೆಮನೆಗೆ ಬೇರೆ ನಲ್ಲಿ.

ಮುಚ್ಚಳಕ್ಕೆ ಬೀಗ. ಮಕ್ಕಳಿರೋ ಮನೆಯಲ್ಲಿ ಇದು ಮಾತಾಡೋ ವಿಷಯವೇ ಅಲ್ಲ, ಹಾಕಲೇಬೇಕು. ಅಂತರಗಂಗೆ ಬೆಟ್ಟದ ಕಡೆ ಮನೆ ಇರೋರಿಗೆ ಕೋತಿ ಕಾಟ ಗೊತ್ತೇ ಇದೆ, ಸಿಂಟೆಕ್ಸ್ ಮುಚ್ಚಳ ತೆಗೆದು ಒಳಗಿಳಿಯತ್ತೆ, ಅವರು ತಂತಿ ಕಟ್ಟಿ ಬಿಗೀರಿ.

## 8. ಮಳೆಗೆ ಮುಂಚೆ ಒಂದು ಟ್ರಯಲ್

ಏಪ್ರಿಲ್ ಮೂರನೇ ವಾರದೊಳಗೆ ಕೆಲಸ ಮುಗಿಸಿ, ಭರಣಿ ಮಳೆ ಕಾಯೋಕೆ ಮುಂಚೆ. ಟೆರೇಸಿಗೆ 500 ಲೀಟರ್ ನೀರು ಬಿಟ್ಟು ಕ್ರಮವಾಗಿ ನೋಡ್ತಾ ಬನ್ನಿ: ಪೈಪ್ ಜಾಯಿಂಟ್ ಸೋರ್ತಿದೆಯಾ, ಡ್ರಮ್ ತುಂಬಿದ ಮೇಲೆ ನೀರು ಕವಲಿಗೆ ತಿರುಗ್ತಾ, ಫಿಲ್ಟರ್ ಮೇಲೆ ನಿಂತ ನೀರು ಎಷ್ಟೊತ್ತಲ್ಲಿ ಇಳೀತು. ಆಮೇಲೆ ಸಂಪಿನ ಓವರ್‌ಫ್ಲೋ ಬಾಯಿಗೆ ಪೈಪಲ್ಲಿ ನೀರು ಬಿಟ್ಟು ಅದು ಹೊರಗೆ ಎಲ್ಲಿಗೆ ಹೋಗತ್ತೆ ನೋಡಿ. ಸಾಲ್ವೆಂಟ್ ಹಚ್ಚಿದ ಜಾಯಿಂಟ್ ಒಂದು ದಿನ ಒಣಗಿದ ಮೇಲೆ ಟ್ರಯಲ್ ಮಾಡಿ.

## 9. ಯಾವ ಮಳೆ ಹಿಡಿಯೋದು, ಯಾವುದು ಬಿಡೋದು

ಅಶ್ವಿನಿ, ಭರಣಿಯ ಮೊದಲ ಎರಡು ಮಳೆ ಪೂರ್ತಿ ಆಚೆ ಬಿಡಿ, ಬೇಸಿಗೆ ಇಡೀ ಕೂತಿರೋ ಧೂಳು, ಉದುರಿದ ಎಲೆ ಪುಡಿ ಎಲ್ಲ ಅದ್ರಲ್ಲೇ ಬರತ್ತೆ. ಮೂರನೇದರಿಂದ ಹಿಡೀರಿ. ಜೂನ್ ಜುಲೈಯಲ್ಲಿ ನಮ್ಮ ಕಡೆ ಬರೋದು ಬರೀ ತುಂತುರು, ಡ್ರಮ್ ತುಂಬೋದೇ ಕಷ್ಟ. ಭರ್ತಿ ಆಗೋದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗೆ, ಅಂದ್ರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಆ ಎರಡು ತಿಂಗಳು ವಾರಕ್ಕೊಂದ್ಸಲ ಟೆರೇಸ್ ಗುಡಿಸಿ, ಮರಳಿನ ಮೇಲಿನ ಪರದೆ ತೆಗೆದು ತೊಳೆದು ಹಾಕಿ. ಕೊನೇ ಮಳೆ ಆದ್ಮೇಲೆ ಒಳ ಪೈಪಿಗೆ ಕ್ಯಾಪ್ ಹಾಕಿ ಮುಚ್ಚಿಬಿಡಿ.

## 10. ಕುಡಿಯೋಕೆ ಮುಂಚೆ

ಮರಳು ಫಿಲ್ಟರ್ ಮಣ್ಣು ತಡೆಯತ್ತೆ, ರೋಗಾಣು ಪೂರ್ತಿ ತಡೆಯಲ್ಲ. ಕುದಿಸಿ ಕುಡೀರಿ, ಅಥವಾ ಯುವಿ ಇರೋ ಪ್ಯೂರಿಫೈಯರ್. ಆರ್‌ಓ ಬೇಕಾಗಿಲ್ಲ, ಉಪ್ಪಿಲ್ಲದ ನೀರಿಂದ ಉಪ್ಪು ತೆಗೆಯೋಕೆ ಹೋಗಿ ಅಷ್ಟು ನೀರು ಮೋರಿಗೆ ಬಿಟ್ಟಂಗಾಗತ್ತೆ.

ಸಂಪು ತುಂಬಿದ ಮೇಲೆ ಒಂದ್ಸಲ ಬ್ಲೀಚಿಂಗ್ ಪೌಡರ್ ಹಾಕಿ, ಸಾವಿರ ಲೀಟರಿಗೆ 3 ಗ್ರಾಂ, 8000ಕ್ಕೆ 24 ಗ್ರಾಂ. ಪುಡಿಯನ್ನ ನೇರ ಸುರಿಯಬೇಡಿ. ಬಕೆಟ್ ನೀರಲ್ಲಿ ಕದಡಿ ಸುಣ್ಣ ತಳಕ್ಕೆ ಕೂರೋಕೆ ಬಿಟ್ಟು ಮೇಲಿನ ತಿಳಿ ಮಾತ್ರ ಸಂಪಿಗೆ ಹಾಕಿ, ಅರ್ಧ ಗಂಟೆ ಕಳೆದು ಉಪಯೋಗಿಸಿ. ಪುಡಿ ಡಬ್ಬಿ ತೆಗೆದಾಗ ಮೂಗಿಗೆ ಘಾಟು ಬರಲಿಲ್ಲ ಅಂದ್ರೆ ಅದು ಹಳೇದು, ಕೆಲಸ ಮಾಡಲ್ಲ. ಅನುಮಾನ ಇದ್ರೆ ರೋಗಾಣು ಟೆಸ್ಟಿನ ಸಣ್ಣ ಸೀಸೆ ಸಿಗತ್ತೆ, ನೀರು ಹಾಕಿಟ್ಟು ಕಪ್ಪಾದ್ರೆ ಆ ನೀರು ಕುಡಿಯೋ ಹಾಗಿಲ್ಲ.

## ಬೋರ್‌ವೆಲ್ಲಿಗೆ ಬಿಡೋದು ಯಾವಾಗ ಬೇಡ

ಓವರ್‌ಫ್ಲೋ ನೀರನ್ನ ಇಂಗುಗುಂಡಿಗೆ ಬಿಡೋದು ಒಳ್ಳೆ ಕೆಲಸ. ಮೂರಡಿ ರಿಂಗ್ ಇಳಿಸಿ 15–20 ಅಡಿ ತೋಡಿ, ತಳಕ್ಕೆ ಸಿಮೆಂಟ್ ಹಾಕದೆ ದಪ್ಪ ಕಲ್ಲು ತುಂಬಿದ್ರೆ ಸಾಕು. ಆದ್ರೆ ಟೆರೇಸ್ ಪೈಪನ್ನ ನೇರ ಬೋರ್ ಕೇಸಿಂಗಿಗೆ ತೂರಿಸ್ತಾರಲ್ಲ, ಅದು ಮಾಡ್ಬೇಡಿ. ಕೊಳೆ ನೀರು ಮಣ್ಣಲ್ಲಿ ಸೋಸದೆ ಸೀದಾ ಬಂಡೆ ಸಂದಿಗೆ ಹೋಗತ್ತೆ, ಆ ಸಂದಿಯಿಂದಾನೇ ಪಕ್ಕದ ಮನೆಯವರೂ ನೀರು ಎತ್ತೋದು. ಹಾಗೇ ಒಳಚರಂಡಿ ಇನ್ನೂ ಬರದ ಹೊಸ ಲೇಔಟಲ್ಲಿ ಟಾಯ್ಲೆಟ್ ಗುಂಡಿ 30 ಅಡಿ ಒಳಗೇ ಇದ್ರೆ ಇಂಗುಗುಂಡಿ ಬೇಡವೇ ಬೇಡ, ಓವರ್‌ಫ್ಲೋ ಗಿಡಗಳಿಗೆ ಬಿಡಿ.

## ಏನು ಕಂಡ್ರೆ ಏನರ್ಥ

ಪಾತ್ರೆಗೆ ಬಿಳಿ ಕಟ್ಟೋದು: ಬೋರ್ ನೀರು ಎಲ್ಲೋ ಬೆರೀತಿದೆ. ಮೊದಲ ತಿಂಗಳಲ್ಲೇ ಟಿಡಿಎಸ್ ಅಳೆದು ಸಂಪಿನ ಮುಚ್ಚಳದ ಒಳಗೆ ಬರೆದಿಡಿ. ಮಳೆ ನೀರು ಸಾಮಾನ್ಯವಾಗಿ ನೂರರ ಒಳಗಿರತ್ತೆ, ಹೊಸ ಸಿಮೆಂಟ್ ಸಂಪಲ್ಲಿ ಸ್ವಲ್ಪ ಮೇಲೆ. ಇದ್ದಕ್ಕಿದ್ದಂಗೆ 300 ತೋರಿಸಿದ್ರೆ ಪೈಪ್ ಜೋಡಣೆ ಹುಡುಕಿ. ಟಿಡಿಎಸ್ ಕಡಿಮೆ ಇದೆ ಅಂದ್ರೆ ರೋಗಾಣು ಇಲ್ಲ ಅಂತ ಅಲ್ಲ, ಅದು ಬೇರೆ ಪರೀಕ್ಷೆ.

ಕೊಳೆತ ಮೊಟ್ಟೆ ವಾಸನೆ: ತಳದಲ್ಲಿ ಎಲೆ ಕೊಳೀತಿದೆ. ಬ್ಲೀಚಿಂಗ್ ಹಾಕಿ ಮುಚ್ಚೋದಲ್ಲ, ಖಾಲಿ ಮಾಡಿ ತೊಳೀಬೇಕು.

ಟೀ ಬಣ್ಣದ ನೀರು: ಎಲೆ ರಸ, ಟೆರೇಸ್ ಗುಡಿಸಿಲ್ಲ.

ಹುಳ ಆಡೋದು: ಸೊಳ್ಳೆ ಮರಿ. ಓವರ್‌ಫ್ಲೋ ಪರದೆ ಹರಿದಿರತ್ತೆ, ಅಥವಾ ಮುಚ್ಚಳದ ಸಂದಿ.

ಫಿಲ್ಟರ್ ಮೇಲೆ ನೀರು ಒಂದು ಗಂಟೆ ಆದ್ರೂ ನಿಂತಿರೋದು: ಮೇಲಿನ ಎರಡಿಂಚು ಮರಳು ಕೆರೆದು ತೊಳೆದು ಹಾಕಿ. ಪೂರ್ತಿ ಕೀಳೋದು ಎರಡು ವರ್ಷಕ್ಕೊಮ್ಮೆ ಸಾಕು.

ಮಳೆ ಇಲ್ಲದ ವಾರದಲ್ಲೂ ಮಟ್ಟ ಏರೋದು: ಅಪಾಯ. ಪಕ್ಕದ ಮೋರಿಯೋ ಗುಂಡಿಯೋ ಬಿರುಕಿಂದ ಒಳಗೆ ಬರ್ತಿದೆ, ಆ ನೀರು ಬಳಸೋದು ಅವತ್ತೇ ನಿಲ್ಲಿಸಿ.

## ಸಂಪಿಗೆ ಇಳಿಯೋವಾಗ

ಎರಡು ವರ್ಷಕ್ಕೊಮ್ಮೆಯಾದ್ರೂ ಏಪ್ರಿಲಲ್ಲಿ ನೀರು ಕಡಿಮೆ ಆದಾಗ ಕ್ಲೀನ್ ಮಾಡ್ಬೇಕು. ಮುಚ್ಚಿದ ಸಂಪಲ್ಲಿ ಉಸಿರಾಡೋ ಗಾಳಿ ಇರಲ್ಲ, ಕೆಸರಿಂದ ಎದ್ದ ವಿಷದ ಗಾಳಿ ತಳದಲ್ಲಿ ಕೂತಿರತ್ತೆ, ಅದು ಕಣ್ಣಿಗೆ ಕಾಣಲ್ಲ. ಹಿಂದಿನ ದಿನವೇ ಮುಚ್ಚಳ ಪೂರ್ತಿ ತೆಗೆದು, ಸುತ್ತ ಬೇಲಿ ಇಟ್ಟು, ಇಳಿಯೋ ಮುಂಚೆ ಟೇಬಲ್ ಫ್ಯಾನ್ ಮೇಲಿಂದ ಒಳಕ್ಕೆ ತಿರುಗಿಸಿ ಒಂದೆರಡು ಗಂಟೆ ಬಿಡಿ. ವೈರ್ ಇರೋ ಬಲ್ಬ್ ಒಳಗೆ ಇಳಿಸಬೇಡಿ, ಟಾರ್ಚ್ ತಗೊಳ್ಳಿ. ಡೀಸೆಲ್ ಪಂಪ್ ಒಳಗಿಟ್ಟು ಓಡಿಸಬಾರದು. ಒಳಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ರೆ ಆ ವಾಸನೆ ಪೂರ್ತಿ ಹೋಗೋವರೆಗೆ ಯಾರೂ ಇಳೀಬಾರದು.

ಇಳಿಯೋರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಆ ಹಗ್ಗ ಹಿಡ್ಕೊಂಡು ಮಾತಾಡಿಸ್ತಾ ಇರ್ಬೇಕು. ಕೆಳಗಿನವರು ಉತ್ತರ ಕೊಡೋದು ನಿಲ್ಲಿಸಿದ್ರೆ ಹಗ್ಗ ಎಳೀರಿ, ಜನ ಕೂಗಿ, 112ಕ್ಕೆ ಫೋನ್ ಮಾಡಿ. ಎತ್ತೋಕೆ ಅಂತ ಇನ್ನೊಬ್ಬರು ಮಾತ್ರ ಒಳಗೆ ಇಳೀಬೇಡಿ.